ಅರವತ್ತೇಳು ಬೈ ಮೂರು

ದಾಂಡೇಲಿಯಲ್ಲಿ ಮರ ಕಡಿಸಿ ಮಾರುವ ಆ ನಾಟಾ ಕಂಪನಿಯ ಖಾತೆ ಪುಸ್ತಕ ಎಷ್ಟು ಭಾರವಿತ್ತೆಂದರೆ, ಹಳೆಯ ಗುಮಾಸ್ತ ಅದನ್ನು ಕಪಾಟಿನಿಂದ ಇಳಿಸಲು ದಿನಾ ಆಫೀಸಿನ ಸಿಪಾಯಿಯನ್ನು ಕೂಗುತ್ತಿದ್ದ. ಅವನ ಕುರ್ಚಿಗೆ ಬಂದ ಜುಲಿಯಾನಾ ಯಾರನ್ನೂ ಕೂಗಲಿಲ್ಲ. ಹಳಿಯಾಳ ತಾಲೂಕಿನ ಸಿದ್ದಿಗಳ ಹಳ್ಳಿಯವಳು ಅವಳು. ಹತ್ತು ವರ್ಷದವಳಿದ್ದಾಗಲೇ ಕಟ್ಟಿಗೆ ಹೊರೆ ಹೊತ್ತು ಸಂತೆಗೆ ನಡೆದವಳಿಗೆ ಒಂದು ಪುಸ್ತಕ ಯಾವ ಲೆಕ್ಕ? ಸಿಸ್ಟರುಗಳ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಆ ಹಳ್ಳಿಯಿಂದ ಬಂದು ಕುರ್ಚಿಯ ಮೇಲೆ ಕೂತು ಪಗಾರ ಎಣಿಸಿಕೊಂಡ ಮೊದಲನೆಯವಳು. ಊರಿನವರು ದಾಂಡೇಲಿಗೆ ಬಂದರೆ ಆಫೀಸಿನ ಕಿಟಕಿಯ ಹೊರಗೆ ಒಂದು ಗಳಿಗೆ ನಿಂತು, ಅವಳು ಬರೆಯುವುದನ್ನು ನೋಡಿ, ಮಾತಾಡಿಸದೆಯೇ ಹೋಗುತ್ತಿದ್ದರು. ಅವಳಿಗೆ ಅದು ಹೆಮ್ಮೆಯೂ ಹೌದು, ಹೆದರಿಕೆಯೂ ಹೌದು.

ಕೆಲಸ ಕಲಿಸಿದವರು ಮ್ಯಾನೇಜರ್ ಮಲಕಪ್ಪನವರು. ಮೆತ್ತಗಿನ ಮನುಷ್ಯ, ಯಾರಿಗೂ ದನಿ ಏರಿಸಿದವರಲ್ಲ. ಲೆಕ್ಕವನ್ನು ಸಂಸಾರದ ಹಾಗೆ ವಿವರಿಸುವುದು ಅವರ ರೂಢಿ. ದೊಡ್ಡ ಖಾತೆ ಎಂದರೆ ತಾಯಿ; ಅದರ ಕೆಳಗಿನ ಉಪಖಾತೆಗಳೆಲ್ಲ ಮರಿಗಳು. ಕೂಲಿಯ ತಾಯಿಖಾತೆ ಅರವತ್ತೊಂದು. ಅದರ ಕೆಳಗೆ ರಾಮನಗರದ ಡಿಪೋ ಬೈ ಒಂದು, ಜೋಯಿಡಾ ಬೈ ಎರಡು, ಅಣಶಿ ಬೈ ಮೂರು. ಸಾಮಾನು ರಿಪೇರಿಯ ತಾಯಿ ಅರವತ್ತನಾಲ್ಕು. ಅದಕ್ಕೂ ಅದೇ ಮೂರು ಮರಿ. ಮರಿಗಳನ್ನೆಲ್ಲ ಕೂಡಿಸಿದರೆ ತಾಯಿಯಷ್ಟಾಗಬೇಕು, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ಮರಿಯ ಬಾಯಿಂದ ತೆಗೆದು ಇನ್ನೊಂದಕ್ಕೆ ಉಣಿಸುವಂತಿಲ್ಲ. ಹಾಗೆ ಮಾಡಬೇಕಾದರೆ ಹುಬ್ಬಳ್ಳಿಯ ಮಾಲಕರ ಒಪ್ಪಿಗೆ ಬೇಕು. ಅವರು ಒಪ್ಪುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಆ ಮಾಲಕರದು ಇನ್ನೊಂದು ವಿಚಿತ್ರ ಕಟ್ಟಳೆ ಇತ್ತು. ಹಿಂದೆ ಯಾರೋ ಸುಳ್ಳು ಪಾವತಿ ಮಾಡಿ ಅವರನ್ನು ಮುಳುಗಿಸಿದ್ದರಂತೆ. ಅಂದಿನಿಂದ ಪಾವತಿ ಚೀಟಿಯ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ನೂರು ರೂಪಾಯಿಗಿಂತ ಹೆಚ್ಚು ತೆಗೆದುಕೊಂಡವರು ಯಾರೇ ಇರಲಿ, ಉಪಖಾತೆಯ ಪುಟದಲ್ಲೇ, ಆ ಸಾಲಿನ ಎದುರಿಗೇ ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಅವರಿಗೆ ಇಂಗ್ಲಿಷ್ ಬಾರದ್ದರಿಂದ ಪುಸ್ತಕವೆಲ್ಲ ಕನ್ನಡದಲ್ಲೇ ಇತ್ತು.

1979ರ ಏಪ್ರಿಲ್ ಒಂದನೇ ತಾರೀಖು ರವಿವಾರ ಬಂದಿತ್ತು. ಸೋಮವಾರ ಕೂತು ಬರೆದರೂ ಹೊಸ ವರ್ಷದ ಪುಟಗಳ ಮೇಲೆ ಒಂದನೇ ತಾರೀಖನ್ನೇ ಹಾಕಬೇಕು. ಯಾವ ಯಾವ ಉಪಖಾತೆ ತೆರೆಯಬೇಕು, ಯಾವುದಕ್ಕೆ ಎಷ್ಟು ಇಡಬೇಕು ಎಂಬ ಪಟ್ಟಿ ಹುಬ್ಬಳ್ಳಿಯಿಂದ ಬಂದಿತ್ತು. ಜುಲಿಯಾನಾ ಅದನ್ನು ಎಡಗಡೆ ಇಟ್ಟುಕೊಂಡು, ದುಂಡಗಿನ ಅಕ್ಷರದಲ್ಲಿ ಒಂದೊಂದೇ ಪುಟ ತೆರೆಯುತ್ತ ಹೋದಳು. ಅರವತ್ತನಾಲ್ಕು ಬೈ ಮೂರಕ್ಕೆ ಬಂದಾಗ ಕೈ ನಿಂತಿತು. ಅಣಶಿ ಡಿಪೋದ ರಿಪೇರಿಗೆ ಪಟ್ಟಿಯಲ್ಲಿ ಸೊನ್ನೆ. ಮುಂದೆ ಅರವತ್ತೇಳು. ಅದು ಪರಿಹಾರದ ಖಾತೆ, ಕೆಲಸದಲ್ಲಿ ಜೀವ ಹೋದರೆ ಮನೆಯವರಿಗೆ ಕೊಡುವ ಹಣ. ಅವಳು ಬಂದ ಮೇಲೆ ಆ ತಾಯಿಗೆ ಮರಿಗಳೇ ಇರಲಿಲ್ಲ. ಈ ವರ್ಷ ಒಂದು ಹುಟ್ಟಿತ್ತು. ಅರವತ್ತೇಳು ಬೈ ಮೂರು, ಅಣಶಿ, ಏಳು ಸಾವಿರ ರೂಪಾಯಿ.

ರಾಮನಗರಕ್ಕೆ ಇಲ್ಲ, ಜೋಯಿಡಾಕ್ಕೆ ಇಲ್ಲ, ಅಣಶಿಗೆ ಮಾತ್ರ. ಮತ್ತು ಅಣಶಿಯಲ್ಲಿ ಅವಳ ತಮ್ಮ ಇನಾಸ ಕೆಲಸ ಮಾಡುತ್ತಿದ್ದ.

ಅವಳು ಪಟ್ಟಿ ಹಿಡಿದುಕೊಂಡು ಮಲಕಪ್ಪನವರ ಮೇಜಿನ ಹತ್ತಿರ ಹೋಗಿ, ಬರೆಯುವಾಗ ತಪ್ಪಾಗಿರಬೇಕು ಎಂದಳು. ಅವರು ಚಷ್ಮಾ ಹಾಕಿ ನೋಡಿ, ಏನೂ ತಪ್ಪಿಲ್ಲ ಎಂದರು. ಆಮೇಲೆ, ಮಗ್ಗಿ ಹೇಳಿಕೊಡುವಷ್ಟೇ ತಾಳ್ಮೆಯಿಂದ ತಿಳಿಸಿದರು.

"ನೋಡವಾ, ಅಣಶಿಯವ್ರು ಹೊಸಾ ತಂತಿ ಹಗ್ಗ ಕೇಳಿದ್ರು. ಒಂಬತ್ತು ಸಾವಿರದ ನಾಕನೂರು ಆಗ್ತೈತಿ. ಹುಬ್ಬಳ್ಳಿಯವ್ರು ಹಗ್ಗ ಬ್ಯಾಡ, ಏಳು ಸಾವಿರ ತಗದಿಡ್ರಿ ಅಂದ್ರು. ಏನೂ ಆಗ್ಲಿಲ್ಲ ಅಂದ್ರ ಮಾರ್ಚನ್ಯಾಗ ಆ ರೊಕ್ಕ ಲಾಭಕ್ಕ ಬರ್ತೈತಿ. ಯಾರೂ ಸಾಯ್ಲಿ ಅಂತ ಬರದಿಲ್ಲ."

ಇಷ್ಟು ಹೇಳಿ ಅವರು ಡಬ್ಬಿ ತೆಗೆದು ಅವಳಿಗೊಂದು ಚೂರು ಬೆಲ್ಲ ಕೊಟ್ಟರು. ಒಳ್ಳೆಯ ಮನುಷ್ಯರೊಡನೆ ಬರುವ ತಾಪತ್ರಯವೇ ಇದು. ಅವರ ಮೇಲೆ ಸಿಟ್ಟಾಗುವುದು ಹೇಗೆಂದು ತಿಳಿಯುವುದೇ ಇಲ್ಲ. ಜುಲಿಯಾನಾ ಬೆಲ್ಲ ಬಾಯಿಗೆ ಹಾಕಿಕೊಂಡು ಬಂದು ಪುಟ ತೆರೆದಳು. ತಾರೀಖು ಹಾಕಿದಳು. ಏಳು ಸಾವಿರ ಎಂದು ಬರೆದು ಅದರ ಕೆಳಗೆ ಅಡ್ಡಗೆರೆ ಎಳೆದಳು.

ಆಮೇಲೆ ಅರವತ್ತೊಂದು ಬೈ ಮೂರರ ಪುಟ ತಿರುಗಿಸಿ ಅಣಶಿಯ ಕೂಲಿಗಳ ಹೆಸರು ಓದಿದಳು. ಹನ್ನೆರಡು ಸಾಲು. ಏಳು ಸಾವಿರವೆಂದರೆ ಒಬ್ಬನ ಜೀವದ ಲೆಕ್ಕ. ಹನ್ನೆರಡರಲ್ಲಿ ಒಬ್ಬ. ಮೂರನೆಯ ಸಾಲಿನಲ್ಲಿ ಇನಾಸನ ಹೆಸರಿತ್ತು, ಅವಳದೇ ಅಕ್ಷರದಲ್ಲಿ.

ಈಸ್ಟರ್ ಹಬ್ಬಕ್ಕೆ ಇನಾಸ ಊರಿಗೆ ಬಂದ. ಚರ್ಚಿನಿಂದ ಮನೆಗೆ ನಡೆಯುವಾಗ ಅವಳು ಹಗ್ಗದ ವಿಷಯ ಕೆದಕಿದಳು. ಅವನಿಗೆ ಅದು ನಗೆಯ ಮಾತು. ಕಣಿವೆಯ ಕೆಳಗೆ ಬಿದ್ದ ದಿಮ್ಮಿಗೆ ಕೊಂಡಿ ಹಾಕುವುದು ಅವನ ಕೆಲಸ. ಮೇಲಿನಿಂದ ವಿಂಚು ಎಳೆಯುತ್ತದೆ, ಹಗ್ಗ ಕಿರ್ ಎನ್ನುತ್ತದೆ, ದಿಮ್ಮಿ ಏರುತ್ತದೆ. ಹಗ್ಗದ ಮೂರು ಕಡೆ ಎಳೆಗಳು ಕಿತ್ತು ಮುಳ್ಳಿನ ಹಾಗೆ ನಿಂತಿವೆ, ಕೈಗೆ ಚುಚ್ಚಬಾರದೆಂದು ಅಲ್ಲಿ ಗೋಣಿತಟ್ಟು ಸುತ್ತಿದ್ದೇವೆ ಎಂದ. ಚುಚ್ಚಬಾರದೆಂದು! ಅಂಗೈಯ ಗಾಯವನ್ನು ಅಕ್ಕನಿಗೆ ತೋರಿಸಿ ಮತ್ತೆ ನಕ್ಕ.

ಅವಳು ಅವನನ್ನು ಮನೆಗೆ ಕರೆದೊಯ್ಯದೆ ತಾಯಿಯ ಗೋರಿಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಎಲ್ಲ ಹೇಳಿದಳು. ಸೊನ್ನೆಯನ್ನೂ ಹೇಳಿದಳು, ಏಳು ಸಾವಿರವನ್ನೂ ಹೇಳಿದಳು. ಇನ್ನು ಅಣಶಿಗೆ ಕಾಲಿಡಬಾರದು ಎಂದಳು. ಇಬ್ಬರೂ ಮಾತಾಡಿದ್ದು ಮನೆಮಾತಾದ ಕೊಂಕಣಿಯಲ್ಲಿ; ಕನ್ನಡದಲ್ಲಿ ಹೇಳಿದರೆ ಹೀಗೆ.

"ಉಳದ ಹನ್ನೊಂದು ಮಂದಿಗೆ ಏನು ಹೇಳ್ಲಿ ಅಕ್ಕಾ?"

"ಏನೂ ಹೇಳ್ಬ್ಯಾಡ. ಆಫೀಸಿನ ಪುಸ್ತಕದಾಗಿಂದು ಹೊರಗ ಬಂತು ಅಂದ್ರ ಯಾರ ಬಾಯಿಂದ ಬಂತು ಅಂತ ಎಲ್ಲಾರಿಗೂ ಗೊತ್ತಾಗ್ತೈತಿ. ಅವ್ವನ ಮ್ಯಾಲ ಆಣೆ ಮಾಡು."

ಇನಾಸ ಗೋರಿಯ ಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದ. ಆ ಹಳ್ಳಿಯಲ್ಲಿ ಸತ್ತವರ ಮೇಲಿಟ್ಟ ಆಣೆಯನ್ನು ಯಾರೂ ಮುರಿಯುವುದಿಲ್ಲ. ಸಾಲದ ಮಾತು ಮುರಿಯುತ್ತಾರೆ, ಮದುವೆ ಮುರಿಯುತ್ತಾರೆ, ಅದನ್ನಲ್ಲ. ಹಬ್ಬ ಮುಗಿಸಿ ಅವನು ಅಣಶಿಗೆ ಹೋಗದೆ ರಾಮನಗರಕ್ಕೆ ಹೋಗಿ, ಗೋವಾ ರಸ್ತೆಯ ಒಂದು ಚಹಾದಂಗಡಿಯಲ್ಲಿ ಕೆಲಸಕ್ಕೆ ನಿಂತ. ಜುಲಿಯಾನಾ ಮೂರನೆಯ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಳು. ಆ ದಿನ ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು. ಇದನ್ನು ಮುಚ್ಚಿಡಬಾರದು, ಅದಕ್ಕೇ ಹೇಳುತ್ತಿದ್ದೇನೆ.

ಮೇ ತಿಂಗಳಲ್ಲಿ, ಮುಂಡಗೋಡ ತಾಲೂಕಿನ ಸನವಳ್ಳಿ ಕಡೆಯ ತಾಂಡಾದಿಂದ ಗೌರಿಬಾಯಿ ಮತ್ತು ಅವಳ ಗಂಡ ಲಚ್ಚಪ್ಪ ಕೆಲಸ ಹುಡುಕಿಕೊಂಡು ದಾಂಡೇಲಿಗೆ ಬಂದರು. ಕಂಪನಿಯ ಹಿಂದಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಆ ವರ್ಷ ಎಲ್ಲ ಕಡೆ ವಯಸ್ಕರ ಶಿಕ್ಷಣದ ಗದ್ದಲ. ಜುಲಿಯಾನಾ ಕೂಡ ರವಿವಾರ ಮಧ್ಯಾಹ್ನ ನಾಟಾ ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದಳು. ಉಳಿದವರು ಪಾಟಿಯ ಮೇಲೆ ಬರೆದು, ನಕ್ಕು, ಅಳಿಸಿ ಹೋಗುತ್ತಿದ್ದರು. ಗೌರಿಬಾಯಿ ಮಾತ್ರ ಕಚ್ಚಿ ಹಿಡಿದಳು. ಸಾಲಿನ ಕೆಳಗೆ ಬೆರಳಿಟ್ಟು, ಒಂದು ಅಕ್ಷರವನ್ನೂ ಹಾರಿಸದೆ ಓದುವುದನ್ನು ಜುಲಿಯಾನಾ ಅವಳಿಗೆ ಕಲಿಸಿದಳು. ತಿಂಗಳುಗಳ ಹೆಸರು ಕಲಿಸಿದಳು, ಬಸ್ಸಿನ ನಂಬರು ಕಲಿಸಿದಳು. ಗಣೇಶ ಚೌತಿಯ ಹೊತ್ತಿಗೆ ಅವಳು ತನ್ನ ಹೆಸರನ್ನು ತಾನೇ ಬರೆದು, ತಾಂಡಾದಾಗ ಹೆಬ್ಬೆಟ್ಟು ಬಿಟ್ಟ ಮೊದಲ ಹೆಂಗಸು ತಾನೇ ಎಂದು ಇಡೀ ಬಯಲಿಗೆ ಸಾರಿಕೊಂಡು ಬಂದಳು.

ಮಳೆಗಾಲವಿಡೀ ಕಾಡಿನ ಕೆಲಸ ನಿಂತಿತ್ತು. ಅರವತ್ತೇಳು ಬೈ ಮೂರು ಪುಸ್ತಕದಲ್ಲಿ ತಣ್ಣಗೆ ಮಲಗಿತ್ತು. ತಿಂಗಳ ಕೊನೆಗೆ ಮರಿಗಳನ್ನು ಕೂಡಿಸುವಾಗ ಮಾತ್ರ ಜುಲಿಯಾನಾ ಆ ಪುಟ ತೆರೆಯುತ್ತಿದ್ದಳು. ಏಳು ಸಾವಿರ ಹಾಗೇ ಇರುತ್ತಿತ್ತು. ಹಾಗೇ ಇದ್ದಾಗ ನೆಮ್ಮದಿಯಾಗಬೇಕಲ್ಲವೇ? ಆಗುತ್ತಿರಲಿಲ್ಲ. ಯಾರೋ ಬರುವವರಿಗೆಂದು ತಟ್ಟೆ ಹಾಕಿಟ್ಟು ಕಾಯುವ ಮನೆಯೊಳಗೆ ಕೂತ ಹಾಗೆ ಅನಿಸುತ್ತಿತ್ತು.

ಅಕ್ಟೋಬರದಲ್ಲಿ ಮಳೆ ಹಿಂದೆ ಸರಿದು ಡಿಪೋಗಳು ತೆರೆದವು. ಒಂದು ಬೆಳಿಗ್ಗೆ ಗೌರಿಬಾಯಿ ಗಂಡನನ್ನು ಕರೆದುಕೊಂಡು ಆಫೀಸಿಗೆ ಬಂದಳು. ಲಚ್ಚಪ್ಪ ಎತ್ತರದ ಆಳು, ನಾಚಿಕೆಯವ, ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರವೇ ನಿಂತ. ಕೆಲಸ ಕೊಡಬೇಕು ಎಂದು ಗೌರಿಬಾಯಿಯೇ ಕೇಳಿದಳು. ಕೇಳುವಾಗ ಜುಲಿಯಾನಾಳ ಮುಖ ನೋಡಿ, ನಮ್ಮ ಅಕ್ಕಾರು ಇದ್ದಾರೆ ಎಂಬ ಧೈರ್ಯದಿಂದ ಕೇಳಿದಳು. ಮಲಕಪ್ಪನವರು ಯಾವ ಡಿಪೋದಾಗ ಜಾಗ ಐತಿ ನೋಡವಾ ಎಂದರು.

ಜುಲಿಯಾನಾ ಪುಟ ತಿರುಗಿಸಿದಳು. ರಾಮನಗರದಲ್ಲಿ ಇನ್ನೊಬ್ಬರು ಬೇಕಾಗಬಹುದು ಎಂದಳು. ಮಲಕಪ್ಪನವರು ನಕ್ಕು, ಬೈ ಒಂದರಾಗ ಹತ್ತು ಮಂದಿಗಷ್ಟೇ ರೊಕ್ಕ ಐತಿ, ಹತ್ತೂ ಮಂದಿ ಅದಾರ ಎಂದರು. ಜೋಯಿಡಾ ಎಂದಳು. ಅದೂ ತುಂಬಿತ್ತು. ಇದ್ದ ಜಾಗ ಒಂದೇ. ಅದು ಅರವತ್ತೊಂದು ಬೈ ಮೂರರ ಮೂರನೆಯ ಸಾಲು, ಅವಳೇ ಕೆಂಪು ಗೆರೆ ಎಳೆದು ಖಾಲಿ ಮಾಡಿದ ಸಾಲು.

ಆಗ ಅವಳು ಹೇಳಬಹುದಿತ್ತು. ಗೌರಿಬಾಯಿ ಮೂರು ಮಾರು ದೂರದಲ್ಲಿ ನಿಂತಿದ್ದಳು. ಬೇಡ ಎಂಬ ಒಂದೇ ಮಾತು ಸಾಕಿತ್ತು. ಕಾರಣವನ್ನು ರವಿವಾರ ಹೇಳಿದರೂ ನಡೆಯುತ್ತಿತ್ತು. ಜುಲಿಯಾನಾ ಲೇಖನಿ ಅದ್ದಿ, ಲಚ್ಚಪ್ಪ, ಸನವಳ್ಳಿ ತಾಂಡಾ ಎಂದು ಬರೆದಳು. ಗೌರಿಬಾಯಿ ಹತ್ತಿರ ಬಂದು ಬೆರಳಿಟ್ಟು ಗಂಡನ ಹೆಸರನ್ನು ಓದಿ, ಸಂತೋಷಪಟ್ಟು ಹೋದಳು.

ಅಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಆಫೀಸು ಖಾಲಿಯಿದ್ದಾಗ, ಜುಲಿಯಾನಾ ಒಂದು ವರ್ಗಾವಣೆ ಚೀಟಿ ಬರೆದಳು. ಅರವತ್ತೈದು ರಸ್ತೆಯ ಖಾತೆ. ಅದರ ರಾಮನಗರದ ಮರಿಯಲ್ಲಿ ಹನ್ನೊಂದು ಸಾವಿರ ಸುಮ್ಮನೆ ಬಿದ್ದಿತ್ತು. ಅದರಿಂದ ಒಂಬತ್ತು ಸಾವಿರದ ನಾಲ್ಕು ನೂರು ತೆಗೆದು, ಅರವತ್ತನಾಲ್ಕು ಬೈ ಮೂರಕ್ಕೆ ಹಾಕಬೇಕು. ಕಾರಣ, ತಂತಿ ಹಗ್ಗ. ಶನಿವಾರ ಮಲಕಪ್ಪನವರು ನಲವತ್ತು ಐವತ್ತು ಕಾಗದಗಳಿಗೆ ಕಣ್ಣು ಹಾಯಿಸದೆ ಸಹಿ ಹಾಕುತ್ತಾರೆ; ಎಲ್ಲಾ ಸರಿ ಐತಲ್ಲ ಎಂದು ಅವಳನ್ನು ಕೇಳುತ್ತಾರೆ, ಅಷ್ಟೇ. ಆ ಕಟ್ಟಿನ ನಡುವೆ ಈ ಚೀಟಿ ಸೇರಿಸಿದರೆ ಹಗ್ಗ ಬರುತ್ತದೆ. ನಕಲು ಹುಬ್ಬಳ್ಳಿಗೆ ಮುಟ್ಟುವುದು ತಿಂಗಳ ಮೇಲೆ. ಆಗ ಅವಳ ಅಕ್ಷರ ನೋಡುತ್ತಾರೆ, ಅವಳನ್ನು ಹೊರಗೆ ಹಾಕುತ್ತಾರೆ. ಹಗ್ಗವನ್ನಂತೂ ಹಿಂದೆ ಕಳಿಸಲಾರರು.

ಮೊದಲ ಶನಿವಾರ ಅವಳು ಚೀಟಿಯನ್ನು ಕಟ್ಟಿನೊಳಗೆ ಇಟ್ಟಳು. ಮಲಕಪ್ಪನವರು ಚಷ್ಮಾ ಒರೆಸಿಕೊಳ್ಳುತ್ತಿರುವಾಗ ತೆಗೆದು ಸೆರಗಿನೊಳಗೆ ಮುಚ್ಚಿಕೊಂಡಳು. ಕಿಟಕಿಯ ಹೊರಗೆ ಊರಿನವರಿಬ್ಬರು ನಿಂತು ಅವಳನ್ನು ನೋಡುತ್ತಿದ್ದರು. ಎರಡನೆಯ ಶನಿವಾರ ಡ್ರಾವರಿನಿಂದ ತೆಗೆದಳು, ಮತ್ತೆ ಡ್ರಾವರಿಗೆ ಹಾಕಿದಳು. ಮೂರನೆಯ ಶನಿವಾರ, ಇನ್ನೊಂದು ವಾರ ನೋಡೋಣ, ಈ ತಿಂಗಳ ಪಗಾರವಾದರೂ ಬರಲಿ ಎಂದುಕೊಂಡಳು. ರವಿವಾರ ಮಾತ್ರ ತಪ್ಪದೆ ಶೆಡ್ಡಿಗೆ ಹೋಗಿ ಗೌರಿಬಾಯಿಗೆ ಒತ್ತಕ್ಷರ ಹೇಳಿಕೊಟ್ಟಳು. ಅವಳ ಮುಖ ನೋಡದೆ ಪಾಟಿ ನೋಡುತ್ತ ಹೇಳಿಕೊಟ್ಟಳು.

ನವೆಂಬರ್ ಹದಿನಾಲ್ಕು, ಬುಧವಾರ. ಹನ್ನೊಂದರ ಸುಮಾರಿಗೆ ಕಂಪನಿಯ ಲಾರಿ ಡ್ರೈವರ್ ಕಾಶೀಮ ಬಂದು, ಕೂಡ್ರು ಎಂದರೂ ಕೂಡ್ರದೆ, ನಿಂತೇ ಹೇಳಿದ. ಅಣಶಿಯಲ್ಲಿ ಬೆಳಿಗ್ಗೆ ಗೋಣಿತಟ್ಟು ಸುತ್ತಿದ ಕಡೆಗೇ ಹಗ್ಗ ಹರಿದು, ಅರ್ಧ ಏರಿದ ದಿಮ್ಮಿ ಹಿಂದಕ್ಕೆ ಉರುಳಿತ್ತು. ಕೆಳಗೆ ಕೊಂಡಿ ಹಾಕಿದವನು ಲಚ್ಚಪ್ಪ. ಹೆಣವನ್ನು ಲಾರಿಯಲ್ಲೇ ತಂದಿದ್ದೇನೆ ಎಂದ.

ಯಾವ ಆಫೀಸಿನಲ್ಲಾದರೂ ಇಂಥ ಸುದ್ದಿ ಬಂದರೆ ಓಡಾಟ ಶುರುವಾಗುತ್ತದೆ. ಫೋನು, ತಾರು, ಹಣಕ್ಕೆ ಪರದಾಟ. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಎಲ್ಲ ತಯಾರಿತ್ತು. ಮಲಕಪ್ಪನವರು ಬಹಳ ಹೊತ್ತು ತಲೆ ಹಿಡಿದು ಕೂತರು, ಕಣ್ಣೀರನ್ನೂ ಒರೆಸಿಕೊಂಡರು. ಆಮೇಲೆ ಅರವತ್ತೇಳು ಬೈ ಮೂರು ತಗಿಯವಾ ಎಂದರು. ಬ್ಯಾಂಕಿಗೆ ಚೆಕ್ಕು ಹೋಯಿತು. ಒಂದು ಗಂಟೆಯೂ ಆಗಲಿಲ್ಲ. ಸಿಪಾಯಿ ಹೊಸ ನೋಟುಗಳನ್ನು ತಂದು ಮೇಜಿನ ಮೇಲಿಟ್ಟ.

ಎಂಟನೆಯ ದಿನ ಗೌರಿಬಾಯಿ ಬಂದಳು. ತೋಳಿನ ಬಳೆಗಳಿರಲಿಲ್ಲ. ಅಲ್ಲಿ ಚರ್ಮ ಬೆಳ್ಳಗೆ, ಪಟ್ಟಿಪಟ್ಟಿಯಾಗಿ ಕಾಣುತ್ತಿತ್ತು. ಮಲಕಪ್ಪನವರು ಎದ್ದು ನಿಂತು ಅವಳಿಗೆ ಕುರ್ಚಿ ಕೊಟ್ಟರು. ಸಮಾಧಾನದ ನಾಲ್ಕು ಮಾತು ಹೇಳಿ, ಹಣವನ್ನು ಮುಂದೆ ಸರಿಸಿದರು. ಸಿಪಾಯಿ ರೂಢಿಯಂತೆ ಶಾಯಿಯ ಪ್ಯಾಡ್ ತಂದ. ಗೌರಿಬಾಯಿ ಅದನ್ನು ಪಕ್ಕಕ್ಕೆ ಸರಿಸಿ, ತಾನು ಸಹಿ ಮಾಡುತ್ತೇನೆ ಎಂದಳು. ಅಳುವ ಹೆಂಗಸಲ್ಲ ಅವಳು. ಅಥವಾ ಅತ್ತು ಮುಗಿದಿತ್ತು.

ಜುಲಿಯಾನಾ ಪುಸ್ತಕ ತಂದು ಅವಳ ಮುಂದೆ ತೆರೆದಳು. ಪುಟದಲ್ಲಿ ಎರಡೇ ಸಾಲು, ಮೇಲೆ ಇಟ್ಟದ್ದು, ಕೆಳಗೆ ಕೊಟ್ಟದ್ದು. ಸಹಿ ಮಾಡುವ ಜಾಗವನ್ನು ತೋರಿಸಿದಳು. ಆದರೆ ಗೌರಿಬಾಯಿಗೆ ಅವಳು ಕಲಿಸಿದ್ದು ಬೇರೆ. ಮೊದಲಿನಿಂದ, ಬೆರಳಿಟ್ಟು, ಒಂದಕ್ಷರವನ್ನೂ ಹಾರಿಸದೆ ಓದಬೇಕು. ಬೆರಳು ಪುಟದ ತಲೆಯಿಂದ ಹೊರಟಿತು. ಪ-ರಿ-ಹಾ-ರ. ಅ-ಣ-ಶಿ. ಅಲ್ಲಿಂದ ತಾರೀಖಿಗೆ ಬಂತು. ಅಲ್ಲೇ ನಿಂತಿತು.

"ಅಕ್ಕಾರ, ಇದು ಏಪ್ರಿಲ್ ಒಂದು ಹೌದಲ್ರಿ?"

ಹೌದು ಎಂದಳು ಜುಲಿಯಾನಾ.

"ಏಪ್ರಿಲ್‌ದಾಗ ನಾವು ಸನವಳ್ಳಿಯಾಗ ಇದ್ವಿ. ಈ ಕಂಪನಿ ಅಂತ ಒಂದು ಐತಿ ಅನ್ನೂದು ಸೈತ ನಮಗ ಗೊತ್ತಿರ್ಲಿಲ್ಲ. ಈ ರೊಕ್ಕ ಆವಾಗ ಯಾರಿಗಂತ ಇಟ್ಟಿದ್ರಿ?"

ಮಲಕಪ್ಪನವರು, ಅದು ಆಫೀಸಿನ ಪದ್ಧತಿ, ವರ್ಷದ ಮೊದಲಿಗೆ ಎಲ್ಲಕ್ಕೂ ಒಂದಿಷ್ಟು ತೆಗೆದಿಡುತ್ತಾರೆ ಎಂದು ಶುರು ಮಾಡಿದರು. ಗೌರಿಬಾಯಿ ಅವರ ಕಡೆ ನೋಡಲೇ ಇಲ್ಲ. ಅಕ್ಷರ ಕಲಿಸಿದವಳನ್ನೇ ನೋಡುತ್ತಿದ್ದಳು. ಪಾಟಿಯಲ್ಲಿ ಏನಾದರೂ ತಿಳಿಯದಿದ್ದಾಗ ನೋಡುತ್ತಿದ್ದಳಲ್ಲ, ಹಾಗೆ.

ಜುಲಿಯಾನಾ ಡ್ರಾವರ್ ಎಳೆದು ವರ್ಗಾವಣೆ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಅಂಚು ಮುದುಡಿತ್ತು. ತಂತಿ ಹಗ್ಗ ಎಂಬ ಎರಡು ಶಬ್ದ ಅವಳ ದುಂಡು ಅಕ್ಷರದಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು.

"ನನ್ನ ತಮ್ಮಗ ಇಟ್ಟಿದ್ರು," ಎಂದಳು. "ಗೊತ್ತಾತು, ನಾ ಅವನ್ನ ಬಿಡಿಸಿದೆ. ಆ ಸಾಲಿನ್ಯಾಗ ನಿನ್ನ ಗಂಡನ ಹೆಸರ ನಾನ ಬರದೆ."

ಮಲಕಪ್ಪನವರು ಕೈ ಎತ್ತಿದವರು ಹಾಗೇ ಇಳಿಸಿದರು. ಗೌರಿಬಾಯಿ ಚೀಟಿಯನ್ನು ಎಳೆದುಕೊಂಡು, ಬೆರಳಿಟ್ಟು, ಅದನ್ನೂ ಪೂರ್ತಿ ಓದಿದಳು. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಓದಿ ಮುಗಿಸಿ, ಲೇಖನಿಯನ್ನು ಜುಲಿಯಾನಾ ಕಡೆಗೆ ಹಿಂದಕ್ಕೆ ಉರುಳಿಸಿದಳು.

"ಆ ಪ್ಯಾಡ್ ಕೊಡ್ರಿ, ಹೆಬ್ಬೆಟ್ಟು ಒತ್ತತೇನಿ," ಎಂದಳು. "ನೀವು ಕಲಿಸಿದ ಅಕ್ಷರ ನನಗ ಬ್ಯಾಡ."

ಎಂಟು ತಿಂಗಳ ಹಿಂದೆ ಜುಲಿಯಾನಾ ತೆರೆದ ಪುಟದಲ್ಲಿ ಹೆಬ್ಬೆಟ್ಟಿನ ಗುರುತು ಕಪ್ಪಗೆ ಬಿತ್ತು. ಗೌರಿಬಾಯಿ ಹಣವನ್ನು ಸೆರಗಿಗೆ ಕಟ್ಟಿಕೊಂಡು ಹೊರಗೆ ಹೋದಳು. ಕಿಟಕಿಯ ಹೊರಗೆ ನಿಂತಿದ್ದ ಸಿದ್ದಿ ಹೆಂಗಸೊಬ್ಬಳು ಸರಿದು ದಾರಿ ಬಿಟ್ಟಳು. ಅರವತ್ತೇಳು ಬೈ ಮೂರು ಸೊನ್ನೆಗೆ ಬಂದಿತ್ತು. ಮಲಕಪ್ಪನವರು ಪುಸ್ತಕ ಮುಚ್ಚಿ ಕಪಾಟಿಗಿಡು ಎಂದರು. ಜುಲಿಯಾನಾ ಎತ್ತಲು ಹೋದಳು, ಆಗಲಿಲ್ಲ. ಸಿಪಾಯಿಯನ್ನು ಕೂಗಿದಳು.